ವಾಸನೆಯಿಲ್ಲದ ಸೋಪು

ಈಚೆಗೆ ಗೃಹಪ್ರವೇಶಕ್ಕೋ ನಾಮಕರಣಕ್ಕೋ ಹೋದರೆ, ತಾಂಬೂಲದ ಚೀಲ ಕೈಗೆ ಬಂದ ಕೂಡಲೇ ನಾನು ಅದನ್ನು ಮೂಗಿನ ಹತ್ತಿರ ಹಿಡಿಯುತ್ತೇನೆ. ಮುಂಚೆಯಾದರೆ ತೆಂಗಿನಕಾಯಿ ಅಲ್ಲಾಡಿಸಿ ನೀರಿದೆಯೇ ಎಂದು ನೋಡುತ್ತಿದ್ದೆ. ಈಗ ಕಾಯಿಯ ಪಕ್ಕದಲ್ಲಿ ಕಾಗದ ಸುತ್ತಿ ದಾರ ಕಟ್ಟಿದ ಒಂದು ಸೋಪು ಕೂತಿರುತ್ತದೆ. ಮನೆಯಲ್ಲೇ ಮಾಡಿದ್ದು ಎಂದು ಕೊಟ್ಟವರು ಮೂರು ಸಲ ಹೇಳುತ್ತಾರೆ. ಸ್ಟೀಲಿನ ಬಟ್ಟಲು, ಪ್ಲಾಸ್ಟಿಕ್ ಡಬ್ಬಿಗಳ ಕಾಲ ಮುಗಿದು ಸೋಪಿನ ಕಾಲ ಬಂದಿದೆ. ಚಿಕ್ಕಬಳ್ಳಾಪುರದ ನಮ್ಮ ಬಡಾವಣೆಯೊಂದರಲ್ಲೇ ಹೀಗೆ ಸೋಪು ಮಾಡುವ ಹೆಂಗಸರು ನಾಲ್ವರಿದ್ದಾರೆ. ಒಬ್ಬರು ಕ್ಯಾರೆಟ್ ಹಾಕುತ್ತಾರೆ, ಒಬ್ಬರು ಮೇಕೆ ಹಾಲು, ಇನ್ನೊಬ್ಬರು ಕಾಫಿಪುಡಿ. ನಾಲ್ಕನೆಯವರ ಸೋಪಿನಲ್ಲಿ ಏನಿದೆಯೆಂದು ಕೇಳಬೇಡಿ. ಅದನ್ನು ನಮ್ಮ ಯಜಮಾನರು ಮೈಸೂರು ಪಾಕ್ ಎಂದುಕೊಂಡು ಒಂದು ತುದಿ ಕಚ್ಚಿದ್ದರು.

ಅವರು ಬಾಯಿ ಮುಕ್ಕಳಿಸಿ ಬಂದು, "ಇಷ್ಟೊಂದು ಜನ ಮಾಡ್ತಾರೆ, ನೀನು ಸೈನ್ಸ್ ಟೀಚರು, ನೀನ್ಯಾಕೆ ಮಾಡಬಾರದು?" ಎಂದರು. ಅಲ್ಲಿಂದ ಶುರುವಾಯಿತು ನೋಡಿ ನನ್ನ ಗ್ರಹಚಾರ.

ಗೌರಿಬಿದನೂರಿನಲ್ಲಿ ಕೆಲವು ವರ್ಷ, ಚಿಂತಾಮಣಿಯಲ್ಲಿ ಬಹಳ ವರ್ಷ ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವಳು. ಎಣ್ಣೆಗೆ ಕ್ಷಾರ ಸೇರಿದರೆ ಸೋಪಾಗುತ್ತದೆ, ಇದಕ್ಕೆ ಸಾಬೂನೀಕರಣ ಎನ್ನುತ್ತಾರೆ ಎಂದು ಬೋರ್ಡಿನ ಮೇಲೆ ಬರೆದು ಕೆಳಗೆ ಎರಡು ಗೆರೆ ಎಳೆದು, "ಪರೀಕ್ಷೆಗೆ ಗ್ಯಾರಂಟಿ" ಎಂದು ಹೇಳಿದ್ದಕ್ಕೆ ಲೆಕ್ಕವಿಲ್ಲ. ಆದರೆ ಸತ್ಯವಾಗಿ ಹೇಳುತ್ತೇನೆ, ಒಂದು ಸಲವೂ ಸೋಪು ಮಾಡಿದವಳಲ್ಲ. ಶಾಲೆಯಲ್ಲಿ ಕಾಸ್ಟಿಕ್ ಸೋಡಾ ಇದ್ದ ಬಾಟಲಿಯ ಮುಚ್ಚಳ ಯಾವ ಕಾಲದಲ್ಲೋ ಅಂಟಿಕೊಂಡು ಹೋಗಿತ್ತು. ಅದನ್ನು ತೆಗೆಯುವ ಧೈರ್ಯ ನನಗೂ ಇರಲಿಲ್ಲ, ನನ್ನ ಹಿಂದಿನವರಿಗೂ ಇರಲಿಲ್ಲ.

ನಿವೃತ್ತಿಯ ನಂತರ ಆ ಧೈರ್ಯ ಬಂತು. ಕೊಬ್ಬರಿ ಎಣ್ಣೆ ತಂದೆ, ಅಂಗಡಿಯಿಂದ ಕಾಸ್ಟಿಕ್ ಸೋಡಾ ತಂದೆ, ಮೊಬೈಲಿನಲ್ಲಿ ಆರು ವಿಡಿಯೋ ನೋಡಿದೆ. ನೀರಿಗೆ ಸೋಡಾ ಹಾಕಬೇಕು, ಸೋಡಾಕ್ಕೆ ನೀರು ಹಾಕಬಾರದು ಎಂದು ಬಾಯಿಪಾಠ ಮಾಡಿಕೊಂಡೆ. ಕೈಗೆ ಗ್ಲೌಸು, ಕಣ್ಣಿಗೆ ಮೊಮ್ಮಗಳ ಈಜುವ ಕನ್ನಡಕ. ಇಷ್ಟೆಲ್ಲ ಮಾಡಿ ಸೋಡಾದ ನೀರನ್ನು ಬೆರೆಸಿದ್ದು ಎಲ್ಲಿ ಅಂದರೆ, ನಾನು ಮದುವೆಯಾಗಿ ಬಂದಾಗಿನಿಂದ ಅನ್ನ ಬಸಿಯುತ್ತಿದ್ದ ಅಲ್ಯುಮಿನಿಯಂ ಪಾತ್ರೆಯಲ್ಲಿ. ಬುಸ್ ಎಂದು ನೊರೆ ಎದ್ದಿತು, ಗಂಟಲು ಹಿಡಿಯುವ ಹೊಗೆ ಬಂತು, ಪಾತ್ರೆ ಕಪ್ಪಗಾಯಿತು. ಅಲ್ಯುಮಿನಿಯಂ ಕ್ಷಾರದ ಜೊತೆ ಸೇರಿದರೆ ಏನಾಗುತ್ತದೆ ಎಂಬುದು ಒಂಬತ್ತನೇ ತರಗತಿಯ ಪಾಠ. ಮಕ್ಕಳು ಇದನ್ನು ತಪ್ಪು ಬರೆದಾಗ ಕೆಂಪು ಶಾಯಿಯಲ್ಲಿ ಸೊನ್ನೆ ಹಾಕುತ್ತಿದ್ದೆ. ಯಜಮಾನರು ಕಿಟಕಿಯಾಚೆಯಿಂದಲೇ, "ಅಂಗಡೀಲಿ ಸೋಪು ಸಿಗ್ತದೆ ಕಣೇ, ಇನ್ನೂ ನಿಂತಿಲ್ಲ" ಎಂದರು.

ಮಾನ ಉಳಿಸಿಕೊಳ್ಳಬೇಕಾದರೆ ಒಂದೇ ದಾರಿಯಿತ್ತು. ಶಿಡ್ಲಘಟ್ಟದಲ್ಲಿರುವ ಜುಬೇದಾಳಿಗೆ ಫೋನ್ ಮಾಡಿದೆ.

ಜುಬೇದಾ ನನ್ನ ಬಾಲ್ಯದ ಗೆಳತಿ. ಇಬ್ಬರೂ ಜಂಗಮಕೋಟೆಯವರು, ಒಂದೇ ಶಾಲೆ, ಒಂದೇ ಬೆಂಚು. ಅವಳ ತಂದೆ ನಮ್ಮ ಕಡೆ ಹಳ್ಳಿಗಳಲ್ಲಿ ರೇಷ್ಮೆಗೂಡು ಕೊಂಡು ನೂಲು ತೆಗೆಸುತ್ತಿದ್ದರು. ನಮ್ಮದು ಹಿಪ್ಪುನೇರಳೆ ಬೆಳೆದು ಹುಳು ಸಾಕುವ ಮನೆ. ಅವಳು ಶಿಡ್ಲಘಟ್ಟಕ್ಕೆ ಮದುವೆಯಾಗಿ ಹೋದಳು, ಗಂಡನ ಕಡೆಯವರೂ ನೂಲು ತೆಗೆಯುವವರೇ. ಮಕ್ಕಳೆಲ್ಲ ಒಂದು ದಾರಿಗೆ ಬಂದ ಮೇಲೆ ಹೆಂಗಸರ ಸಂಘದಲ್ಲಿ ಸೋಪು ಮಾಡುವುದು ಕಲಿತಳು. ಈಗ ಹತ್ತು ವರ್ಷದಿಂದ ಅವಳ ಹಿತ್ತಲಿನ ಶೀಟು ಮನೆಯಲ್ಲಿ ಸೋಪು ತಯಾರಾಗುತ್ತದೆ. ನಾವು ಮದುವೆ ಮುಂಜಿಗಳಲ್ಲಿ ಸಿಗುತ್ತಿದ್ದೆವು, ಫೋನಿನಲ್ಲಿ ಮಾತಾಡುತ್ತಿದ್ದೆವು, ಅವಳ ಮನೆಗೆ ನಾನು ಹೋಗುತ್ತಿದ್ದೆ. ಜಂಗಮಕೋಟೆಯ ನಮ್ಮ ತವರಿಗೆ ಮಾತ್ರ ಅವಳು ಬರುತ್ತಿರಲಿಲ್ಲ. ಯಾಕೆ ಬರುತ್ತಿರಲಿಲ್ಲ ಎಂಬುದು ನನಗೆ ಗೊತ್ತಿತ್ತು. ಅದನ್ನು ಹೇಳುವ ಮೊದಲು ಹುಳು ಸಾಕುವ ಮನೆಯ ಕಾನೂನು ನಿಮಗೆ ಹೇಳಬೇಕು.

ರೇಷ್ಮೆ ಹುಳುವಿಗೆ ವಾಸನೆ ಆಗುವುದಿಲ್ಲ. ಇದು ನಮ್ಮ ಕಡೆ ಎಳೇ ಮಕ್ಕಳಿಗೂ ಗೊತ್ತು. ಮೊಟ್ಟೆ ಒಡೆದ ದಿನದಿಂದ ಹುಳು ಹಣ್ಣಾಗಿ ಗೂಡು ಕಟ್ಟುವವರೆಗೆ ಮನೆಯಲ್ಲಿ ಯಾವ ಪರಿಮಳವೂ ಸುಳಿಯುವಂತಿರಲಿಲ್ಲ. ಅಪ್ಪನ ಬೀಡಿ ಬೇವಿನ ಮರದ ಕೆಳಗೆ ಹೋಗುತ್ತಿತ್ತು. ಮೆಣಸಿನಕಾಯಿ ಒಗ್ಗರಣೆ ಹಿತ್ತಲ ಒಲೆಗೆ ಹೋಗುತ್ತಿತ್ತು. ದೇವರಿಗೆ ಊದುಬತ್ತಿ ಇಲ್ಲ, ಬರಿಯ ದೀಪ. ನಾಲ್ಕನೇ ಜ್ವರ, ಅಂದರೆ ಹುಳು ಕೊನೆಯ ಸಲ ಪೊರೆ ಬಿಡುವ ಹೊತ್ತಿನಲ್ಲಂತೂ ಅಮ್ಮ ದೇವರಿಗೂ ಕೇಳಿಸದ ಹಾಗೆ ಓಡಾಡುತ್ತಿದ್ದಳು. ಸ್ನಾನಕ್ಕೆ ಸೀಗೇಕಾಯಿ, ಕಡ್ಲೆಹಿಟ್ಟು. ಪಟ್ಟಣದ ಸೋಪು ನಿಷಿದ್ಧ. ಒಮ್ಮೆ ನಮ್ಮ ಚಿಕ್ಕಪ್ಪನ ಹೊಸ ಹೆಂಡತಿ ಮುಖಕ್ಕೆ ಪೌಡರು ಹಾಕಿ, ಮೊಳಗಟ್ಟಲೆ ಮಲ್ಲಿಗೆ ಮುಡಿದು ಮೊದಲ ಸಲ ನಮ್ಮ ಮನೆಗೆ ಬಂದಳು. ಅಮ್ಮ ಆರತಿ ತಟ್ಟೆಯ ಬದಲು ಒಂದು ಚೊಂಬು ನೀರು ಹಿಡಿದು ಬಾಗಿಲಿಗೆ ಹೋಗಿ, "ಮುಖ ತೊಳ್ಕೊಂಡು ಬಾರಮ್ಮ, ಹೂವು ಅಲ್ಲೇ ಗಿಡದ ಮೇಲಿಡು" ಎಂದಿದ್ದಳು. ಆ ಚಿಕ್ಕಮ್ಮ ಇವತ್ತಿಗೂ ಅದನ್ನು ಮರೆತಿಲ್ಲ.

ಹೀಗಾಗಿ ನನ್ನ ಪಾಲಿಗೆ ಪರಿಮಳದ ಸೋಪು ಎಂದರೆ ಬೇರೆಯವರ ಮನೆಯ ಭಾಗ್ಯ. ಶಾಲೆಯಲ್ಲಿ ಹುಡುಗಿಯರ ಪಕ್ಕ ಕೂತು ಸುಮ್ಮನೆ ಅವರ ಕೈ ಮೂಸುತ್ತಿದ್ದೆ. ಬಟ್ಟೆ ಸೋಪಿನ ಉದ್ದನೆಯ ಬಾರನ್ನು ಅಂಗಡಿಯವನು ತಂತಿಯಲ್ಲಿ ಕತ್ತರಿಸುವುದನ್ನು ನೋಡಲು ಬೇಕೆಂದೇ ಹೋಗುತ್ತಿದ್ದೆ. ಆ ತುಂಡಿಗೂ ಒಂದು ಒಣ ಘಾಟಿರುತ್ತಿತ್ತು, ನನಗೆ ಅದೂ ಆಗುತ್ತಿತ್ತು. ನನ್ನ ಮೂಗಿನ ಈ ಬಡತನ ನೋಡಿಯೋ ಏನೋ, ನಾನು ಆರನೇ ಕ್ಲಾಸಿನಲ್ಲಿದ್ದಾಗ ಚಿಂತಾಮಣಿಯ ಸೋದರಮಾವ ಗುಲಾಬಿ ಬಣ್ಣದ, ಗುಲಾಬಿ ವಾಸನೆಯ ಒಂದು ಸೋಪು ತಂದುಕೊಟ್ಟ. ಅಮ್ಮ ಅದನ್ನು ಕಿತ್ತುಕೊಂಡು ಅಟ್ಟದ ಮೇಲಿನ ರಾಗಿ ಪೀಪಾಯಿಯ ಹಿಂದೆ ಇಟ್ಟಳು. "ಗೂಡು ಬಿಡಿಸಿದ ಮೇಲೆ ಕೊಡ್ತೀನಿ" ಎಂದಳು. ಗೂಡು ಬಿಡಿಸಲು ಇನ್ನೂ ಇಪ್ಪತ್ತು ದಿನ ಇತ್ತು. ಹನ್ನೊಂದು ವರ್ಷದವಳಿಗೆ ಇಪ್ಪತ್ತು ದಿನ ಎಂದರೆ ಎಷ್ಟು ಎಂದು ನಿಮಗೂ ಗೊತ್ತಿರಬೇಕು.

ಒಂದು ವಾರ ತಡೆದೆ. ಅಮ್ಮ ಸೊಪ್ಪು ಕೊಯ್ಯಲು ಹೋದ ಬೆಳಿಗ್ಗೆ ಅಟ್ಟ ಹತ್ತಿ ಸೋಪು ತೆಗೆದು, ತೋಟದ ತೊಟ್ಟಿಯ ಹತ್ತಿರ ಮೊಣಕೈವರೆಗೆ ನೊರೆ ಮಾಡಿಕೊಂಡು ತೊಳೆದೆ. ಮತ್ತೆ ತೊಳೆದೆ. ಉಳಿದದ್ದನ್ನು ತೊಟ್ಟಿಯ ಹಿಂದಿನ ಕಲ್ಲಿನ ಸಂದಿಯಲ್ಲಿ ಬಚ್ಚಿಟ್ಟೆ. ಕೈ ಮೂಸುತ್ತಾ ಮೂಸುತ್ತಾ ಮನೆಗೆ ಬಂದರೆ ಅಮ್ಮ, "ಎಲ್ಲಿ ಸತ್ತಿದ್ಯೇ, ಸೊಪ್ಪು ಹಾಕು ಬಾ" ಎಂದಳು. ಹುಳು ಆಗ ದೊಡ್ಡವಾಗಿದ್ದವು, ಗಂಟೆಗೊಮ್ಮೆ ಎಂಬಂತೆ ಸೊಪ್ಪು ಕೇಳುತ್ತಿದ್ದವು. ನಾನು ಅದೇ ಕೈಯಲ್ಲಿ ಒಂದೊಂದೇ ತಟ್ಟೆಗೆ ಸೊಪ್ಪು ಹರಡಿದೆ.

ಅವತ್ತೇ ಜುಬೇದಾಳ ಮನೆಯಲ್ಲಿ ಹಬ್ಬ. ಮಧ್ಯಾಹ್ನ ಅವಳು ಹೊಸ ಬಟ್ಟೆ ಹಾಕಿ, ಕಿವಿಯ ಹಿಂದೆ ಅತ್ತರು ಹಚ್ಚಿಕೊಂಡು, ತಟ್ಟೆಯಲ್ಲಿ ಶಾವಿಗೆಯ ಸಿಹಿ ಹಿಡಿದು ಬಂದಳು. ಹುಳದ ಕೋಣೆಯ ಬಾಗಿಲಿಗೆ ತಲೆ ಇಟ್ಟು, "ವಿಮ್ಲಾ, ಬಾರೇ" ಎಂದು ಕರೆದಳು. ಅಷ್ಟೇ. ಒಳಗೆ ಕಾಲು ಕೂಡ ಇಡಲಿಲ್ಲ.

ಮೂರನೇ ದಿನಕ್ಕೆ ಹುಳು ಸೊಪ್ಪು ಬಿಟ್ಟವು. ಐದನೇ ದಿನಕ್ಕೆ ಮೆತ್ತಗಾಗಿ ಸಾಯತೊಡಗಿದವು. ಇನ್ನೆರಡು ದಿನದಲ್ಲಿ ಹಣ್ಣಾಗಬೇಕಾಗಿದ್ದ ಹುಳು. ಅಪ್ಪ ಮಂಕರಿಯಲ್ಲಿ ತುಂಬಿ ತುಂಬಿ ತಿಪ್ಪೆಗೆ ಹಾಕಿ ಬಂದ. ಅಮ್ಮ ಖಾಲಿ ತಟ್ಟೆಗಳ ಮುಂದೆ ಕೂತು, "ಅತ್ತರು ಹಾಕ್ಕೊಂಡು ಬಂದ್ಳಲ್ಲ ಆ ಮಗು, ಅವತ್ತೇ ಅಂದ್ಕೊಂಡೆ" ಎಂದಳು.

ನಾನು ಅಲ್ಲೇ ಇದ್ದೆ. ಬಾಯಿ ಬಿಡಲಿಲ್ಲ.

ಮರುದಿನ ಜುಬೇದಾ ನನ್ನನ್ನು ಶಾಲೆಗೆ ಕರೆಯಲು ಬಂದಾಗ ಅಮ್ಮ ಅವಳನ್ನು ಬೈಯಲಿಲ್ಲ. ಬಾಗಿಲಲ್ಲೇ ನಿಲ್ಲಿಸಿ ಮೆಲ್ಲಗೆ, "ಹುಳ ಇರೋವಾಗ ಈ ಕಡೆ ಬರಬೇಡಮ್ಮ" ಎಂದಳು. ನಮ್ಮ ಮನೆಯಲ್ಲಿ ಹುಳು ಇಲ್ಲದ ದಿನ ಯಾವುದಿತ್ತು? ಒಂದು ಬೆಳೆ ಮುಗಿದು ತಟ್ಟೆ ತೊಳೆದು ಒಣಗಿಸುವಷ್ಟರಲ್ಲಿ ಇನ್ನೊಂದು ಬೆಳೆಯ ಮೊಟ್ಟೆ ಬರುತ್ತಿತ್ತು. ಜುಬೇದಾ ತಲೆ ಆಡಿಸಿ ಹೋದಳು. ಅಂದಿನಿಂದ ನಾವು ಭೇಟಿಯಾಗುತ್ತಿದ್ದದ್ದು ಶಾಲೆಯ ಬೇಲಿಯ ಹತ್ತಿರ. ಅಮ್ಮನ ಮುಂದೆ ನಾನು ಅವಳ ಹೆಸರು ಎತ್ತುವುದನ್ನೇ ಬಿಟ್ಟೆ. ಎತ್ತಿದರೆ ಬೇರೆ ಮಾತೂ ಬರುತ್ತದಲ್ಲ. ಸೋಪನ್ನು ಕಲ್ಲಿನ ಸಂದಿಯಿಂದ ತೆಗೆದು ಬಾವಿಗೆ ಎಸೆದುಬಿಟ್ಟೆ.

ಇಷ್ಟು ಹೇಳಿದ ಮೇಲೆ ನನ್ನ ಬಗ್ಗೆ ನಿಮಗೆ ಏನನ್ನಿಸುತ್ತದೋ ಅನ್ನಿಸಲಿ. ಮತ್ತೆ ಆ ಸೋಪಿನ ಪಾಠಕ್ಕೆ ಬರುತ್ತೇನೆ.

ಬೆಳಿಗ್ಗೆಯ ಬಸ್ಸಿಗೆ ಶಿಡ್ಲಘಟ್ಟಕ್ಕೆ ಹೋದೆ. ಸುಟ್ಟ ಪಾತ್ರೆಯ ಕಥೆ ಕೇಳಿ ಜುಬೇದಾ ಗೋಡೆ ಹಿಡಿದುಕೊಂಡು ನಕ್ಕಳು. "ಅರೆ ಅಲ್ಲಾ! ನೀನು ಮಕ್ಕಳಿಗೆ ಏನು ಕಲಿಸ್ತಿದ್ಯೇ? ಆ ಮಕ್ಕಳು ಪಾಸಾದ್ರಾ?" ಅವಳದ್ದು ದಪ್ಪ ಸ್ಟೀಲ್ ಪಾತ್ರೆ, ಮರದ ಸೌಟು, ಅಕ್ಕಸಾಲಿಗರ ಹತ್ತಿರ ಇರುವಂಥ ಸಣ್ಣ ತಕ್ಕಡಿ. ಎಣ್ಣೆಯನ್ನೂ ಸೋಡಾವನ್ನೂ ತೂಕ ಮಾಡಿಯೇ ಹಾಕಬೇಕು, ಅಂದಾಜು ನಡೆಯುವುದಿಲ್ಲ ಎಂದಳು. ಸೋಡಾದ ನೀರು ಆರಿದ ಮೇಲೆ ಎಣ್ಣೆಗೆ ಧಾರೆಯಾಗಿ ಬಿಟ್ಟು ಸೌಟು ನನ್ನ ಕೈಗೆ ಕೊಟ್ಟಳು. "ದೋಸೆ ಹಿಟ್ಟಿನ ಹದಕ್ಕೆ ಬರೋವರ್ಗೂ ತಿರುಗಿಸ್ತಾನೇ ಇರ್ಬೇಕು. ನಡುವೆ ಬಿಟ್ರೆ ಎಣ್ಣೆ ಬೇರೆ, ನೀರು ಬೇರೆ ಆಗ್ತದೆ."

ನಾನು ತಿರುಗಿಸುತ್ತಾ ಸುತ್ತಲೂ ನೋಡಿದೆ. ಹಲಗೆಗಳ ಮೇಲೆ ಸಾಲಾಗಿ ಬಿಳಿ ಸೋಪು, ಕಡ್ಲೆಹಿಟ್ಟಿನ ಹಳದಿ ಸೋಪು, ಒಂದು ತಿಂಗಳಿಗೂ ಮೇಲೆ ಒಣಗಬೇಕೆಂದು ಇಟ್ಟಿದ್ದಳು. ಇಷ್ಟು ಸೋಪಿರುವ ಕೋಣೆಯಲ್ಲಿ ಏನೂ ವಾಸನೆ ಇರಲಿಲ್ಲ.

"ಇದಕ್ಕೆ ಒಂದೆರಡು ಹನಿ ಗುಲಾಬಿ ಎಣ್ಣೆ ಹಾಕಣ್ವೇನೆ?" ಎಂದೆ.

"ನಾನು ವಾಸನೆ ಹಾಕಲ್ಲ ಕಣೇ. ಸಾದಲಿ ಕಡೆಯಿಂದ, ನಮ್ಮ ಜಂಗಮಕೋಟೆ ಕಡೆಯಿಂದ ಹುಳ ಸಾಕೋರು ಬಂದು ತಗೊಂಡೋಗ್ತಾರೆ. ಅವರಿಗಾಗೇ ಮಾಡೋದು."

"ಹುಳ ಸಾಕದೇ ಇರೋರಿಗೆ?"

ಅವಳು ಅಚ್ಚಿಗೆ ಬಟರ್ ಪೇಪರ್ ಹಾಸುತ್ತಾ, ತಲೆ ಎತ್ತದೆ ಹೇಳಿದಳು. "ನಂಗೆ ಆಗಲ್ಲ ವಿಮ್ಲಾ. ನಿಮ್ಮನೆ ಹುಳ ಸತ್ತೋದ್ವಲ್ಲ, ಅವತ್ತಿಂದ ನಾನು ಅತ್ತರು ಮುಟ್ಟಿಲ್ಲ. ಮದುವೇಲೂ ಹಾಕ್ಕೊಳ್ಳಿಲ್ಲ. ಇದೆಂಥ ಮದುಮಗಳು ಅಂತ ನಮ್ಮತ್ತೆ ಎಷ್ಟು ಬೈದ್ರು ಗೊತ್ತಾ. ನಿಮ್ಮಪ್ಪ ಆ ಹುಳ ಹೊತ್ಕೊಂಡು ತಿಪ್ಪೇಗೆ ಹೋಗ್ತಿದ್ದದ್ದು ನಮ್ಮ ಮಾಳಿಗೆಯಿಂದ ನೋಡ್ದೆ. ಅದು ಕಣ್ಣಿಂದ ಹೋಗಲ್ಲ."

ನನ್ನ ಕೈ ನಿಂತಿತು.

"ಏ, ಕೈ ನಿಲ್ಲಿಸ್ಬೇಡ" ಎಂದಳು.

ಅಲ್ಲಿಯವರೆಗೆ ನಾನು ಅಂದುಕೊಂಡಿದ್ದು ಏನೆಂದರೆ, ಅದೊಂದು ಮಕ್ಕಳ ಕಾಲದ ಮಾತು, ಅವಳು ಮರೆತಿರುತ್ತಾಳೆ, ತವರಿಗೆ ಬರದಿರುವುದು ಬರಿಯ ಸಂಕೋಚ. ಅವಳು ಇದನ್ನು ಹೀಗೆ ಮೈಮೇಲೆ ಹಾಕಿಕೊಂಡು ಬದುಕಿದ್ದಾಳೆ ಎಂದು ನನಗೆ ಹೊಳೆದಿರಲಿಲ್ಲ. ಹೊಳೆಯದಂತೆ ನಾನೇ ನೋಡಿಕೊಂಡಿದ್ದೆ ಎಂದರೂ ಸರಿ. ಸೌಟು ತಿರುಗಿಸುತ್ತಲೇ ಹೇಳಿದೆ. ಮಾವ ತಂದ ಸೋಪು, ಅಟ್ಟ, ತೊಟ್ಟಿ, ಸೊಪ್ಪು ಹಾಕಿದ ಕೈ, ಎಲ್ಲ. ಹೇಳಿ ಮುಗಿಸಿದ ಮೇಲೆ ಸುಮ್ಮನಿರಬಾರದೇ? ಟೀಚರ್ ಬುದ್ಧಿ ಎಲ್ಲಿ ಹೋಗುತ್ತದೆ. "ನಿಜ ಹೇಳ್ಬೇಕು ಅಂದ್ರೆ ಅದು ಸೋಪಿನಿಂದಲೂ ಅಲ್ಲ, ಅತ್ತರಿನಿಂದಲೂ ಅಲ್ಲ ಅನ್ನಿಸ್ತದೆ ಕಣೇ. ಅವತ್ತು ಮಳೆ ಬಂದಿತ್ತು, ಒದ್ದೆ ಸೊಪ್ಪು ಹಾಕಿದ್ವಿ. ಅದು ಸಪ್ಪೆ ರೋಗ ಇರ್ಬೇಕು. ನಾನು ಆಮೇಲೆ ಓದಿದೀನಿ" ಎಂದೆ.

"ಯಾವಾಗ ಓದಿದ್ದು?" ಎಂದು ಕೇಳಿದಳು.

"ಕಾಲೇಜಲ್ಲಿ."

ಜುಬೇದಾ ನನ್ನ ಕೈಯಿಂದ ಸೌಟು ತೆಗೆದುಕೊಂಡು ಎತ್ತಿ ನೋಡಿದಳು. ಹದ ಬಂದಿತ್ತು. ಅಚ್ಚಿಗೆ ಸುರಿದು, ನೆಲಕ್ಕೆ ಎರಡು ಸಲ ಮೆಲ್ಲಗೆ ಕುಟ್ಟಿ, ಹಳೆಯ ಟವಲು ಹೊದಿಸಿದಳು. ಗ್ಲೌಸು ಬಿಚ್ಚಿ ಕೈ ತೊಳೆದು, ಸೆರಗಿನಲ್ಲಿ ಒರೆಸಿಕೊಂಡು ಬಂದು ನನ್ನ ಎದುರಿಗೆ ಕೂತಳು. ಬೈದಿದ್ದರೆ ಚೆನ್ನಾಗಿತ್ತು.

"ನಂಗೆ ಹೇಳ್ದೆ, ಸರಿ. ನಿಮ್ಮಮ್ಮಂಗೆ?"

ಅಮ್ಮನಿಗೆ ಈಗ ಎಂಬತ್ತಾರು. ಜಂಗಮಕೋಟೆಯಲ್ಲಿ ಅಣ್ಣ ಅತ್ತಿಗೆಯ ಜೊತೆ ಗಟ್ಟಿಮುಟ್ಟಾಗಿದ್ದಾಳೆ. "ಈ ವಯಸ್ಸಲ್ಲಿ ಅವಳಿಗೆ ಯಾಕೆ..." ಎಂದೆ.

"ನೀನು ಮುಚ್ಚಿಟ್ಟಿದ್ದು ನಂಗೊಬ್ಬಳಿಗೇ ಅಲ್ಲ, ಅವರಿಗೂ. ನಿಮ್ಮಮ್ಮ ನಂಗೆ ಎಷ್ಟು ಸಲ ತಲೆ ಬಾಚಿದಾರೆ! ಅವರ ಮನಸ್ಸಲ್ಲಿ ನಾನು ಏನಾಗಿದೀನಿ ಅನ್ನೋದೇ ನಂಗೆ ಇಷ್ಟು ವರ್ಷ ಕೊರಗು. ಎದ್ದೇಳು, ಈಗ್ಲೇ ಹೋಗಣ. ನಾಳೆ ಅಂದ್ರೆ ನೀನು ಮಾಡಲ್ಲ."

ನನ್ನನ್ನು ಅವಳು ಅಷ್ಟು ಸರಿಯಾಗಿ ಬಲ್ಲಳು.

ಜಂಗಮಕೋಟೆಯಲ್ಲಿ ಬಸ್ಸಿಳಿದಾಗ ಅವಳು ಮುಂದೆ, ನಾನು ಹಿಂದೆ. ಮನೆಯ ಗೇಟಿನ ಹತ್ತಿರ ಬಂದಾಗ ಅವಳ ಕಾಲು ತಾನಾಗಿ ನಿಂತಿತು. ಅಣ್ಣ ಈಗ ತೋಟದಲ್ಲಿ ಉದ್ದನೆಯ ಹುಳದ ಮನೆ ಕಟ್ಟಿಸಿದ್ದಾನೆ. ಅಮ್ಮ ಅದರ ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಎಳೆ ಸೊಪ್ಪು ಬೇರೆ ಮಾಡುತ್ತಾ ಕೂತಿದ್ದಳು. ಒಳಗೆ ಅಂಕಣದ ಮೇಲೆ ಅಂಕಣ ದೊಡ್ಡ ಹುಳು.

"ಯಾರಮ್ಮ ಅದು ಆಚೆ ನಿಂತಿರೋದು?" ಎಂದಳು ಅಮ್ಮ.

"ಜುಬೇದಾ, ಅಮ್ಮ. ಗೂಡಿನ ಸಾಹೇಬರ ಮಗಳು."

ಅಮ್ಮ ಕಣ್ಣು ಕಿರಿದು ಮಾಡಿ ನೋಡಿದಳು. ನಾನು ಅವಳ ಕಾಲ ಹತ್ತಿರ ಕೂತು ಎಲ್ಲವನ್ನೂ ಹೇಳಿದೆ. ಅರವತ್ತು ವರ್ಷದ ಹೆಂಗಸಿಗೆ ಹನ್ನೊಂದು ವರ್ಷದವಳ ದನಿ ಬಂದಿತ್ತು. ಅಮ್ಮ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದಳು.

"ಆ ಸೋಪು ಇಲಿ ತಿಂದೋಯ್ತು ಅಂದ್ಕೊಂಡಿದ್ದೆ" ಎಂದಳು.

"ಇಲ್ಲಮ್ಮ."

"ಒಂದು ಮಾತು ಹೇಳಿದ್ರೆ ನಾಲ್ಕು ಏಟು ಹೊಡೀತಿದ್ದೆ. ಆಮೇಲೆ ಅನ್ನ ಹಾಕ್ತಿದ್ದೆ. ಅಷ್ಟೇ ತಾನೇ ಆಗ್ತಿದ್ದದ್ದು?" ನನ್ನ ಉತ್ತರಕ್ಕೆ ಕಾಯಲಿಲ್ಲ. ಗೇಟಿನ ಕಡೆ ತಿರುಗಿದಳು. "ಪರರ ಮಗೂನ ನನ್ನ ಕೈಯಿಂದಲೇ ಬಾಗಿಲಾಚೆ ಕಳಿಸೋ ಹಾಗೆ ಮಾಡಿಬಿಟ್ಟೆಯಲ್ಲೇ."

ಕುರ್ಚಿಯ ತೋಳು ಊರಿ ಎದ್ದಳು. ನಾನು ಹಿಡಿದುಕೊಳ್ಳಲು ಹೋದೆ, ಕೈ ಕೊಸರಿಕೊಂಡಳು. ಒಬ್ಬಳೇ ನಿಧಾನಕ್ಕೆ ಗೇಟಿನವರೆಗೆ ನಡೆದು ಹೋಗಿ ಜುಬೇದಾಳ ಕೈ ಹಿಡಿದುಕೊಂಡಳು. "ತಪ್ಪಾಯ್ತು ಕಣಮ್ಮ. ಬಾ" ಎಂದಳು. ಜುಬೇದಾ ಅಳುತ್ತಿದ್ದಳು. "ಬಿಡಿ ಅಮ್ಮ, ಬಿಡಿ" ಎನ್ನುತ್ತಾ ಅಮ್ಮನ ಹಿಂದೆಯೇ ಹೆಜ್ಜೆ ಹಾಕಿದಳು. ಹುಳದ ಮನೆಯ ಹೊಸ್ತಿಲಲ್ಲಿ ಅವಳು ಚಪ್ಪಲಿ ಬಿಟ್ಟು ತಡೆದಾಗ ಅಮ್ಮ ಸೊಪ್ಪಿನ ಮಂಕರಿಯನ್ನು ಅವಳ ಕೈಗೇ ಕೊಟ್ಟಳು.

ನಾನೂ ಚಪ್ಪಲಿ ಬಿಟ್ಟೆ.

"ನೀನು ಎಲ್ಲಿಗೆ?" ಎಂದಳು ಅಮ್ಮ. "ನೀನು ಇವತ್ತು ಆಚೆ ಇರು."

ಇಬ್ಬರೂ ಒಳಗೆ ಹೋದರು. ನಾನು ಅಮ್ಮನ ಕುರ್ಚಿಯಲ್ಲಿ ಕೂರಲು ಮನಸ್ಸಾಗದೆ ಜಗಲಿಯ ಅಂಚಿನಲ್ಲಿ ಕೂತೆ. ಸೊಪ್ಪು ಹರಡುವ ಸದ್ದು ಕೇಳುತ್ತಿತ್ತು. "ಈ ಕಡೆ ಇನ್ನೊಂದು ಹಿಡಿ ಹಾಕಮ್ಮ, ಇವು ಹಸಿದಿವೆ" ಎಂದು ಅಮ್ಮ ಹೇಳುತ್ತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಅಮ್ಮ ಕೇಳಿದಳು, "ನಿಂಗೆ ಎಷ್ಟು ಮಕ್ಕಳಮ್ಮ?"

ಜುಬೇದಾ ಒಬ್ಬೊಬ್ಬರ ಹೆಸರನ್ನೇ ಹೇಳತೊಡಗಿದಳು. ಅವಳಿಗೆ ನಾಲ್ಕು ಮಕ್ಕಳು, ಏಳು ಮೊಮ್ಮಕ್ಕಳು. ಆ ನಾಲ್ವರ ಮದುವೆಗೂ ನಾನು ಹೋಗಿ ಉಂಡು ಬಂದಿದ್ದೆ. ಅಮ್ಮನಿಗೆ ಅವರಲ್ಲಿ ಒಬ್ಬರ ಹೆಸರೂ ಗೊತ್ತಿರಲಿಲ್ಲ.